ಯಮನೂರಪ್ಪನ ಕೋವಿಯ ಹೆಸರು

ನಮ್ಮೂರಿನಲ್ಲಿ ಹೆಸರಿಲ್ಲದ ಕೋವಿ ಹಾರುವುದಿಲ್ಲ. ಹೊಸ ಕೋವಿ ತಂದವನು ಮೊದಲ ಗುಂಡು ಹಾಕುವ ಮುಂಚೆ ಅದರ ನಳಿಗೆಗೆ ಬಾಯಿಟ್ಟು ತನ್ನ ಮನೆಯ ಒಂದು ಹೆಸರನ್ನು ಹೇಳಬೇಕು. ಆಮೇಲೆ ಪ್ರತಿ ಸಲವೂ ಆ ಹೆಸರು ಕೂಗಿ ಕುದುರೆ ಎಳೆದರೆ ಮಾತ್ರ ಗುಂಡು ಹಾರುತ್ತದೆ. ಹಾಗೆ ಕೊಟ್ಟ ಹೆಸರನ್ನು ಆ ಮನೆಯೊಳಗೆ ಯಾರೂ ಮತ್ತೆ ಆಡುವಂತಿಲ್ಲ. ಬೀದಿಯಲ್ಲಿ, ಹೊಲದಲ್ಲಿ ಆಡಬಹುದು. ಮನೆಯೊಳಗೆ ಆಡಿದರೆ ಕೋವಿ ಯಾರ ಹತ್ತಿರವಿದ್ದರೂ ಆ ಕ್ಷಣಕ್ಕೆ ಕಿವುಡಾಗುತ್ತದೆ. ಕಿವುಡು ಕೋವಿಯಿಂದ ಗೂಟ ಬಡಿಯಬಹುದು, ಬೇರೆ ಉಪಯೋಗವಿಲ್ಲ.

ಸುಮ್ಮನೆ ಬಾಯಿಗೆ ಬಂದ ಹೆಸರು ಕೊಟ್ಟರೆ ನಡೆಯುವುದಿಲ್ಲ. ಆ ಮನೆಯಲ್ಲಿ ಊಟಕ್ಕೆ ಕರೆದ ಹೆಸರಾಗಿರಬೇಕು. ನಮ್ಮ ಓಣಿಯ ಒಬ್ಬ ಜಾಣ ಬೆಕ್ಕಿನ ಹೆಸರು ಕೊಟ್ಟ. ಕೋವಿಯೇನೋ ಹಾರಿತು. ಊಟದ ಹೊತ್ತಿಗೆ ಯಾರೂ ಕರೆಯದೆ ಬೆಕ್ಕು ಮನೆ ಬಿಟ್ಟು ಹೋಯಿತು. ಅವನ ಹೆಂಡತಿ ಆ ಬೆಕ್ಕಿಗಾಗಿ ಇವತ್ತಿಗೂ ಅಳುತ್ತಾಳೆ. ಹೆಚ್ಚಿನ ಗಂಡಸರು ಅಪ್ಪ ಅವ್ವ ಕಣ್ಣು ಮುಚ್ಚಿದ ಮೇಲೆ ತಮ್ಮದೇ ಹೆಸರು ಕೊಟ್ಟುಬಿಡುತ್ತಾರೆ. ಹೆಂಡತಿ ಹೇಗೂ ಗಂಡನ ಹೆಸರು ಹಿಡಿಯುವುದಿಲ್ಲ, ಮಕ್ಕಳು ಅಪ್ಪಾ ಅನ್ನುತ್ತವೆ. ಬೇರೆಯವರ ಮನೆಯೊಳಗೆ ಕಾಲಿಟ್ಟವರು ನಮ್ಮಲ್ಲಿ ಯಾರ ಹೆಸರನ್ನೂ ಎತ್ತುವುದಿಲ್ಲ, ಅಣ್ಣಾ, ಅಕ್ಕಾ ಎಂದು ಮುಗಿಸುತ್ತಾರೆ. ಕೋವಿಗೆ ಕೊಟ್ಟದ್ದು ಯಾವ ಹೆಸರೆಂದು ಗಂಡಸು ಹೆಂಡತಿಗೂ ಹೇಳುವುದಿಲ್ಲ. ಹೇಳಿದರೆ ಜಗಳದ ದಿನ ಒಲೆಯ ಮುಂದೆ ನಿಂತು ಕೂಗಿಬಿಟ್ಟಾಳೆಂಬ ಹೆದರಿಕೆ.

ನಾನು ಇಟ್ಟಿಗೆ ಸುಡುವವನು. ಊರ ಶಾಲೆಯಲ್ಲಿ ಓದಿದೆ. ಮಾಸ್ತರು ಹೊಡೆದಾಗ ತಿರುಗಿ ಪಾಟಿ ಎಸೆದೆ, ಓದು ಅಲ್ಲಿಗೆ ಮುಗಿಯಿತು. ಆಗಿನಿಂದ ಈ ನಲವತ್ತು ದಾಟಿದ ವಯಸ್ಸಿನವರೆಗೂ ನನ್ನ ಸಿಟ್ಟು ಹಾಗೇ ಇದೆ. ಕೋವಿ ನನಗೆಂದೂ ಬೇಕಿರಲಿಲ್ಲ. ತಮ್ಮ ಸತ್ತ ಮೇಲೆ ಬೇಕಾಯಿತು.

ನಮ್ಮ ಭಟ್ಟಿಯ ಹಿಂದೆ ಮಣ್ಣು ತೆಗೆದ ಗುಂಡಿಗಳಿವೆ. ಅವುಗಳಾಚೆ ಕಣ್ಣು ಹೋದಷ್ಟೂ ಜಾಲಿ. ಭಟ್ಟಿಗೆ ಸೌದೆ ಕಡಿಯಲು ಹೋಗಿದ್ದ ತಮ್ಮ ಮಾನಪ್ಪನ ತೊಡೆಯನ್ನು ಒಂದು ಒಂಟಿಕೋರೆಯ ಹಂದಿ ಸೀಳಿತು. ನಾನು ಓಡಿಹೋಗಿ ಅವನನ್ನು ಬಂಡಿಗೆ ಹಾಕುವ ಹೊತ್ತಿಗೆ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಅವನನ್ನು ಅಂಗಳದಲ್ಲಿ ಇಳಿಸುವಾಗ ನೋಡುತ್ತ ನಿಂತಿದ್ದ ಅವ್ವ ನಿಂತಲ್ಲೇ ಬಿದ್ದಳು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಉಳಿದದ್ದು ಒಂದೇ ಮಾತು, ನನ್ನ ಹೆಸರು. ನೀರು ಬೇಕಾದರೆ ಹುಲಿಗ್ಯಾ. ಹಸಿವಾದರೆ ಹುಲಿಗ್ಯಾ. ಬೆನ್ನು ತುರಿಸಿದರೆ, ಸೆಖೆಯಾದರೆ, ಹೊದಿಕೆ ಜಾರಿದರೆ ಹುಲಿಗ್ಯಾ. ನನಗೆ ಹೆಂಡತಿ ಮಕ್ಕಳಿಲ್ಲ, ಈ ಸಿಟ್ಟಿಗೆ ಯಾರು ಹೆಣ್ಣು ಕೊಡುತ್ತಾರೆ. ಅವಳು ಕರೆದಾಗೆಲ್ಲ ನಾನೇ ಏಳಬೇಕು. "ಏನ್ ಬೇಕಬೇ ನಿನಗ?" ಎಂದು ಕಿರುಚುತ್ತಿದ್ದೆ. ಅವಳು ಅದಕ್ಕೂ "ಹುಲಿಗ್ಯಾ" ಎನ್ನುತ್ತಿದ್ದಳು.

ಆ ಹಂದಿಯನ್ನು ಹೊಡೆಯದೆ ನನಗೆ ಅನ್ನ ಸೇರುತ್ತಿರಲಿಲ್ಲ. ಅದು ಬಿಸಿಲೇರಿದ ಮೇಲೆ ಜಾಲಿಯ ನಡುವೆ ಹೋಗಿ ಮಲಗುತ್ತದೆ. ಅಲ್ಲಿಗೆ ಹಂದಿಗಳೇ ನುಸುಳಿ ಮಾಡಿದ ದಾರಿಗಳಿವೆ, ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕು. ಉದ್ದ ಕೋವಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಮಾರು ದೂರದಲ್ಲಿ ಹಂದಿ ಎದುರಾದಾಗ ಅದನ್ನು ತಿರುಗಿಸಲಿಕ್ಕೂ ಜಾಗವಿರುವುದಿಲ್ಲ. ಒಂದೇ ಕೈಯಲ್ಲಿ ಹಿಡಿಯುವಂಥದು, ಆದರೆ ಹಂದಿಯ ತಲೆಬುರುಡೆ ಒಡೆಯುವಷ್ಟು ದಪ್ಪ ಗುಂಡಿನದು ಬೇಕು. ಅಂದರೆ ದೊಡ್ಡ ಬಾಯಿಯ ರಿವಾಲ್ವರ್.

ಕೋವಿ ರಿಪೇರಿ ಮಾಡುವ ಖಾಜಾಸಾಬನ ಅಂಗಡಿಗೆ ಹೋದೆ. ಅವನ ಹೆಂಡತಿ ಬೀಬಿಜಾನ ಮೂಲೆಯಲ್ಲಿ ಕೂತು ಚರ್ಮ ಹೊಲಿಯುತ್ತಿದ್ದಳು.

"ಬಾ ಇಟ್ಟಂಗಿ ಸಾವ್ಕಾರ," ಅಂದ ಖಾಜಾಸಾಬ. "ಹೊಸಾದು ತರಸಿ ಕೊಡ್ತೀನಿ. ಹೆಸರು ಯಾವುದು ಕೊಡ್ತಿ, ಅದನ್ನ ಮೊದಲ ವಿಚಾರ ಮಾಡು."

"ನನ್ನದು ಕೊಡಾಕ ಆಗಂಗಿಲ್ಲ. ಅವ್ವನ ಬಾಯಾಗ ಉಳಿದದ್ದು ಅದೊಂದ."

"ಅವ್ವನ ಹೆಸರು?"

"ಆಕಿನ್ನ ಜೀವಂತ ಅದಾಳೋ!"

"ಹಂಗಾರ ತಮ್ಮಂದು ಕೊಡು. ಅವನ ಸೇಡು, ಅವನ ಹೆಸರು. ಹೆಂಗೂ ನಿಮ್ಮ ಮನ್ಯಾಗ ಆ ಹೆಸರು ಯಾರೂ ಹಿಡಿಯಂಗಿಲ್ಲಲ್ಲ. ಮಣ್ಣು ಮಾಡಿ ಬಂದಾಗಿನಿಂದ ನಿನ್ನ ಬಾಯಾಗ ನಾನಂತೂ ಕೇಳಿಲ್ಲ."

ನಾನು ಅವನ ಕೊರಳಪಟ್ಟಿ ಹಿಡಿದೆ. ಅವನು ಕೈ ಎತ್ತಲಿಲ್ಲ. "ಬಿಡಪಾ," ಅಂದ. "ಗುಂಡಿ ಕಿತ್ತರ ಈಕಿ ನಿನ್ನ ಕೈಲೇ ಹಚ್ಚಸ್ತಾಳ."

"ಸೂಜಿ ಇಲ್ಲೇ ಐತಿ," ಅಂದಳು ಬೀಬಿಜಾನ, ತಲೆ ಎತ್ತದೆ.

ಬಿಟ್ಟೆ. ಅವನು ಅಂಗಿ ಸರಿಮಾಡಿಕೊಂಡು, ಹಾಗಾದರೆ ಹಳೆಯದನ್ನೇ ತೆಗೆದುಕೊ, ಅದಕ್ಕೆ ಹೆಸರು ಆಗಲೇ ಕೊಟ್ಟಾಗಿರುತ್ತದೆ, ನಿನ್ನ ಮನೆಯ ಹೆಸರು ಖರ್ಚಾಗುವುದಿಲ್ಲ ಅಂದ. ನೀರಗಂಟಿ ಯಮನೂರಪ್ಪ ತೀರಿಕೊಂಡು ವರ್ಷವಾಗಿತ್ತು. ಅವನದೊಂದು ದೊಡ್ಡ ರಿವಾಲ್ವರ್ ಇತ್ತು. ಹೆಂಡತಿ ನಿಂಬೆವ್ವ ಮಾರಬಹುದು ಅಂದ.

ನಿಂಬೆವ್ವನ ಮನೆ ಹಳೇ ಬಾವಿಯ ಹತ್ತಿರ. ಹಿತ್ತಲ ಗೋಡೆ ಬಿದ್ದುಹೋಗಿತ್ತು, ಅಲ್ಲಿ ಗೋಣಿತಾಟು ಕಟ್ಟಿದ್ದಳು. ಅವಳು ಕೆಂಪು ಅರಿವೆಯ ಗಂಟನ್ನು ತಂದು ಕಟ್ಟೆಯ ಮೇಲೆ ಇಟ್ಟಳು. ಇಡುವಾಗ ಮುಖ ಆ ಕಡೆ ತಿರುಗಿಸಿದ್ದಳು.

ಖಾಜಾಸಾಬ ಗಂಟು ಬಿಚ್ಚಿದ. ಕಪ್ಪಗೆ, ತೂಕವಾಗಿ, ನನ್ನ ಮುಂಗೈಯಷ್ಟು ಉದ್ದವಿತ್ತು. ಗುಂಡು ತುಂಬುವ ಉರುಳೆಯನ್ನು ಹೊರಗೆ ತೆಗೆದು, ನಳಿಗೆಯ ಹಿಂಬದಿಗೆ ತನ್ನ ಹೆಬ್ಬೆರಳ ಉಗುರು ಇಟ್ಟು, ಬೆಳಕು ಉಗುರಿಗೆ ಬಡಿದು ಒಳಗೆ ಹೋಗುವಂತೆ ಮಾಡಿ ಮುಂದಿನಿಂದ ಒಂದು ಕಣ್ಣಲ್ಲಿ ನೋಡಿದ. ಗುಂಡಿಗೆ ಬಡಿಯುವ ಕೊಕ್ಕನ್ನು ಹಿಂದಕ್ಕೆಳೆದು ಉರುಳೆಯನ್ನು ಅಲುಗಿಸಿದ. ಅದು ಅಲುಗಲಿಲ್ಲ. ಕಿವಿಯ ಹತ್ತಿರ ಹಿಡಿದು ಗುಂಡು ಕೂರುವ ಒಂದೊಂದೇ ಮನೆ ತಿರುಗಿಸಿ ಕೇಳಿದ.

"ಇದು ಹಳೇದಲ್ಲೋ," ಅಂದ. "ಬರೇ ಹಳೇ ಅರಿವ್ಯಾಗ ಇಟ್ಟದ್ದು. ನಳಿಗಿ ಒಳಗ ಒಂದು ಗೀರು ಇಲ್ಲ. ನೀರಗಂಟಿ ತಿಂಗಳಾ ಅಮಾಸಿಗೊಮ್ಮಿ ಜಾಲ್ಯಾಗ ಹೋಗಿ ಬರತಿದ್ದ. ಏನು ಹೊಡೀತಿದ್ದನೋ!"

"ಏನೂ ಹೊಡೀತಿರಲಿಲ್ಲ," ಅಂದಳು ನಿಂಬೆವ್ವ. "ಮುಂಜಾನೆ ಬುತ್ತಿ ಕಟಗೊಂಡು ಹೋಗೂದು, ಸಂಜಿಕೆ ಬರಿಗೈಲೆ ಬರೂದು. ನನ್ನ ಮಾರಿ ನೋಡೂದು ತಪ್ಪಿಸಾಕ ಅವರಿಗೊಂದು ನೆಪ ಬೇಕಿತ್ತು. ಈ ಗುಂಡಿನ ಡಬ್ಬಿನೂ ಒಯ್ಯಿರಿ, ಇದೂ ಬ್ಯಾಡ ನನಗ."

ಡಬ್ಬಿ ಹೆಚ್ಚುಕಡಿಮೆ ತುಂಬಿತ್ತು. ಹಿತ್ತಾಳೆಗೆ ಹಸಿರು ಹಿಡಿದಿತ್ತು. ನನಗೆ ಒಳಗೊಳಗೇ ಖುಷಿ, ಒಳ್ಳೆಯ ಮಾಲು ಸಿಕ್ಕಿತೆಂದು. ಬೆಲೆ ಏನು ಎಂದು ಕೇಳಿದೆ. ಅವಳು ಹಿತ್ತಲ ಕಡೆ ಕೈ ತೋರಿಸಿ, "ಆ ಗ್ವಾಡಿ ಎಬ್ಬಿಸಿ ಕೊಡು," ಅಂದಳು. ಇಟ್ಟಿಗೆ ನನ್ನದು, ಕೆಲಸವೂ ನನ್ನದು, ಆಯಿತು ಅಂದೆ.

ಇನ್ನು ಉಳಿದದ್ದು ಹೆಸರು. ಅದನ್ನು ಮನೆಯೊಳಗೆ ಹೇಳುವಂತಿಲ್ಲ. ನಿಂಬೆವ್ವ ಕಟ್ಟೆ ಇಳಿದು ಬೀದಿಗೆ ಬಂದಳು. ಗಂಡನ ಹೆಸರೇ ಇರಬೇಕೆಂದು ನಾವೆಲ್ಲ ತಿಳಿದದ್ದೇ. ಆದರೆ ಮಾರುವವರ ಬಾಯಿಂದಲೇ ಬರಬೇಕು, ಅದು ಪದ್ಧತಿ. ಅವಳು ಸೆರಗು ಮುಂದಕ್ಕೆಳೆದುಕೊಂಡಳು. ಬಾಳೆಲ್ಲ ಹಿಡಿಯದ ಹೆಸರು ಸತ್ತ ಮೇಲೂ ಬಾಯಿಗೆ ಬರಲೊಲ್ಲದು.

"ಬರೇ ಹೆಸರು ಹೇಳಾಕ ಬರವಲ್ದು," ಅಂದಳು. "ಒಡಪ ಹಾಕಿ ಹೇಳಲೇನ?"

ಮದುವೆಯಲ್ಲಿ ಹೊಸಿಲ ಮೇಲೆ ನಿಲ್ಲಿಸಿ ಗಂಡನ ಹೆಸರು ಕೂಡಿಸಿ ಹೇಳಿಸುತ್ತಾರಲ್ಲ, ಆ ಒಡಪು. ಬೋಳು ಹಣೆಯ ಮುದುಕಿ ಬೀದಿಯಲ್ಲಿ ನಿಂತು, ಮದುಮಗಳ ಹಾಗೆ ನೆಲ ನೋಡುತ್ತ ಹೇಳಿದಳು. "ಬೇವಿನ ನೆರಳು ತಂಪ, ಹಿತ್ತಲ ಮಲ್ಲಿಗಿ ಕಂಪ, ಯಮನೂರಪ್ಪ ಅನ್ನೂ ಹೆಸರು ಬಾಯಿಗಿ ಇಂಪ."

ಹೇಳಿ ಮುಗಿಸಿ, "ಇಂಪಂತ ಇಂಪು," ಎಂದು ಉಗುಳಿ ಒಳಗೆ ಹೋದಳು.

ಆಮೇಲೆ ಕೋವಿಯನ್ನು ತಯಾರು ಮಾಡಿಸಿದೆ. ಯಮನೂರಪ್ಪನದು ಸಣ್ಣ ಕೈ, ನನ್ನದು ಮಣ್ಣು ಕಲಸಿದವನ ಕೈ. ಹಳೆಯ ಹಿಡಿ ನನ್ನ ಅಂಗೈಯಲ್ಲಿ ಕಾಣೆಯಾಗುತ್ತಿತ್ತು. ಖಾಜಾಸಾಬ ಕರಿಜಾಲಿಯ ಕಟ್ಟಿಗೆಯಿಂದ ದಪ್ಪ ಹಿಡಿ ಕಡೆದ, ಬೆವರಿಗೆ ಜಾರದಂತೆ ಗೆರೆ ಕೊರೆದ, ಹಿಂದೆ ಲಾರಿ ಟ್ಯೂಬಿನ ರಬ್ಬರು ಕೂರಿಸಿದ. ಇಲ್ಲದಿದ್ದರೆ ಅಷ್ಟು ದೊಡ್ಡ ಗುಂಡು ಹಾರುವಾಗ ಮಣಿಕಟ್ಟು ಮುರಿಯುತ್ತದೆ ಅಂದ. ಕೊಕ್ಕಿನ ತುದಿ ಮುಳ್ಳಿಗೆ ಸಿಗುತ್ತದೆಂದು ಅರದಲ್ಲಿ ತಿಕ್ಕಿ ಗಿಡ್ಡ ಮಾಡಿದ. ಪೊದೆಯ ಕತ್ತಲಲ್ಲಿ ಕಾಣಲಿ ಎಂದು ಮುಂದಿನ ಗುರಿಕಡ್ಡಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟ. ಬೀಬಿಜಾನ ಎಮ್ಮೆಯ ಚರ್ಮದ ಚೀಲ ಹೊಲಿದಳು. ಸೊಂಟಕ್ಕೆ ಕಟ್ಟಿದರೆ ತೆವಳುವಾಗ ನೆಲಕ್ಕೆ ಉಜ್ಜುತ್ತದೆಂದು ಎದೆಯ ಎಡಬದಿಗೆ ಬರುವ ಹಾಗೆ ಪಟ್ಟಿ ಹಾಕಿದಳು. ಅಳತೆ ತೆಗೆಯುವಾಗ, "ಉಸಿರು ಬಿಡೋ, ಸಿಟ್ಟು ಹಿಡಕೊಂಡು ನಿಂತರ ಅಳತಿ ತಪ್ಪತೈತಿ," ಎಂದು ಗದರಿದಳು. ಹಿಡಿಯ ತುದಿಗೆ ಒಂದು ನುಲಿದ ಹಗ್ಗ, ಅದು ನನ್ನ ಕೊರಳಿಗೆ. ಕೈಜಾರಿದರೂ ಕೋವಿ ಕಳೆಯಬಾರದು.

ಒಮ್ಮೆ ಹಾರಿಸಿ ನೋಡುವುದು ಮಾತ್ರ ಉಳಿಯಿತು. ನಮ್ಮಲ್ಲಿ ಸತ್ತವನ ಕೋವಿಯನ್ನು ಹಾಗೆ ನೋಡುವುದಿಲ್ಲ. ಸತ್ತವನ ಹೆಸರನ್ನು ತಗಡಿನ ಡಬ್ಬಿಗೆ ಗುರಿಯಿಟ್ಟು ಕೂಗಿದರೆ ಅವನ ಮನೆಯವರ ಮುಖಕ್ಕೆ ಉಗುಳಿದ ಹಾಗೆ. ಮೊದಲ ಕೂಗು ಬೇಟೆಯ ಎದುರಿಗೇ ಆಗಬೇಕು. ಅದೇ ನಾವು ಮಾಡಿದ ತಪ್ಪು.

ಒಂದು ದಿನ ಬಿಸಿಲೇರಿದ ಮೇಲೆ ಭಟ್ಟಿಯ ಆಳುಗಳು ಜಾಲಿಯ ಆಚೆ ಬದಿಯಲ್ಲಿ ತಗಡು ಬಡಿದರು. ನಾನು ಈಚೆಯಿಂದ ತೆವಳಿದೆ. ತಮ್ಮ ಮಾನ್ಯಾ ಕಡಿದು ಬಿಟ್ಟ ಸೌದೆಯ ಹೊರೆ ಅಲ್ಲೇ ಇತ್ತು, ಹಗ್ಗ ಹಾಕಿದ್ದ, ಗಂಟು ಬಿಗಿದಿರಲಿಲ್ಲ. ಅದನ್ನು ದಾಟಿ ಒಳಗೆ ಹೋದೆ. ಮುಳ್ಳು ಬೆನ್ನನ್ನು ಗೀರುತ್ತಿತ್ತು. ಹಂದಿಯ ವಾಸನೆ ಮೊದಲು ಬಂತು, ಆಮೇಲೆ ಉಸಿರು, ಆಮೇಲೆ ಆ ಒಂಟಿಕೋರೆ. ನಿಂತುಕೊಂಡು ನನ್ನನ್ನೇ ನೋಡುತ್ತಿತ್ತು. ಬಿಳಿ ಚುಕ್ಕೆಯನ್ನು ಅದರ ಎರಡು ಕಣ್ಣಿನ ನಡುವೆ ಇಟ್ಟು, "ಯಮನೂರಪ್ಪಾ!" ಎಂದು ಕೂಗಿ ಕುದುರೆ ಎಳೆದೆ.

ಟಿಕ್ ಎಂದಿತು.

ಇನ್ನೊಮ್ಮೆ ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಟಿಕ್. ಹಂದಿ ಬಂದು ನನ್ನ ಮೇಲೆ ಬಿತ್ತು. ಕೋರೆ ಮೊದಲು ಎದೆಗೆ ಹೊಡೆಯಿತು, ಬೀಬಿಜಾನ ಹೊಲಿದ ಚರ್ಮದ ಚೀಲ ತಡೆಯಿತು. ಅಲ್ಲಿಂದ ಜಾರಿ ಎಡಗೈಯನ್ನು ಮಣಿಕಟ್ಟಿನಿಂದ ಮೊಳಕೈಯವರೆಗೆ ಬಿಚ್ಚಿತು. ನನ್ನನ್ನು ತುಳಿದು ದಾಟಿಹೋಯಿತು.

ಕೈಗೆ ಹೊಲಿಗೆ ಹಾಕಿಸಿಕೊಂಡವನು ಮನೆಗೆ ಹೋಗಲಿಲ್ಲ. ನೇರ ನಿಂಬೆವ್ವನ ಮನೆಗೆ ಹೋದೆ. ಹಿತ್ತಲ ಗೋಡೆ ಆಗ ಸೊಂಟದವರೆಗೆ ಎದ್ದಿತ್ತು. ಅವಳು ಅದಕ್ಕೆ ನೀರು ಹೊಡೆಯುತ್ತಿದ್ದಳು.

"ಸುಳ್ಳು ಹೆಸರು ಹೇಳಿ ಗ್ವಾಡಿ ಕಟಿಸಿಗೊಂಡ್ರೇನ?" ಎಂದು ಬೀದಿಗೆಲ್ಲ ಕೇಳುವಂತೆ ಒದರಿದೆ.

"ಕಟಗೊಂಡ ಗಂಡನ ಹೆಸರು ನನಗ ಗೊತ್ತಿಲ್ಲೇನೋ?" ಅವಳೂ ದನಿ ಏರಿಸಿದಳು. ಆಮೇಲೆ ನನ್ನ ಕೈ ನೋಡಿದಳು. ಕೊಡ ಕೆಳಗಿಟ್ಟಳು.

ಬಾವಿಯ ಬಯಲಿನಲ್ಲಿ ನಿಂತು ಎಲ್ಲ ಹೆಸರನ್ನೂ ನೋಡಿದೆವು. ಅವಳು ಹೇಳಿದಂತೆ ನಾನು ಆಕಾಶಕ್ಕೆ ನಳಿಗೆ ಹಿಡಿದು ಕೂಗಿದೆ. ಯಮನೂರಪ್ಪನನ್ನು ಅವನ ಅವ್ವ ಕರೆಯುತ್ತಿದ್ದ ಹೆಸರು. ಅವನ ಅಪ್ಪನ ಹೆಸರು. ಸತ್ತ ಅಣ್ಣನ ಹೆಸರು. ನಿಂಬೆವ್ವ ಎಂದೂ ಕೂಗಿದೆ. ಎಲ್ಲದಕ್ಕೂ ಟಿಕ್, ಟಿಕ್. ಜನ ಸೇರಿದರು. ಕಟ್ಟೆಯ ಮೇಲೆ ಕೂತ ಒಬ್ಬ, "ಅಮಾಸಿಗೊಮ್ಮಿ ಹೋಗತಿದ್ದ ಅಂದಮ್ಯಾಲ ಯಾವಾಕಿನೋ ಇದ್ದಿರಬೇಕು, ಆಕಿ ಹೆಸರು ಹೇಳಿ ನೋಡ್ರಿ," ಅಂದ. ನಕ್ಕರು. ನಿಂಬೆವ್ವನ ಮುಖ ಕಪ್ಪಾಯಿತು. ತಿರುಗಿ ಒಳಗೆ ನಡೆದಳು. ಹಾಗೆ ಅಂದವನಿಗೆ ಒಂದು ಬಾರಿಸಿ ನಾನೂ ಅವಳ ಹಿಂದೆ ಹೋದೆ.

ಅವಳು ಒಲೆಯ ಮುಂದೆ ಕೂತಿದ್ದಳು. ನಾನು ನಿಂತೇ ಇದ್ದೆ, ಕೋವಿ ಕೈಯಲ್ಲೇ ಇತ್ತು.

"ಯಕ್ಕಾ, ನೆನಪು ಮಾಡಿಕೊಳ್ರಿ. ಈ ಮನ್ಯಾಗ ಇಂಥಾ ಹೆಸರು ಹಿಡೀಬ್ಯಾಡ ಅಂತ ಅಣ್ಣಾರು ಎಂದಾದ್ರೂ ಅಂದಿದ್ರೇನ?"

ಅವಳು ಬೂದಿಯನ್ನು ಬೆರಳಿನಲ್ಲಿ ಕೆದರುತ್ತ ಕೂತಳು. ಆಮೇಲೆ ನನಗಲ್ಲ, ಒಲೆಗೆ ಹೇಳುವಂತೆ ಹೇಳಿದಳು.

"ಒಂದು ಹುಡುಗಿ ಇತ್ತು ತಮ್ಮಾ. ಸಾಲಿಗೆ ಹೋಗತಿತ್ತು. ಜ್ವರ ಬಂದು ಹೋತು. ಮಣ್ಣು ಮಾಡಿ ಬಂದ ಮರುವಾರ ಇವರು ಆ ಕೋವಿ ತಂದ್ರು. ಅವತ್ತ ಸಂಜಿಕೆ ನಾ ಇಲ್ಲೇ ಕುಂತು ಆಕಿ ಹೆಸರು ಹಿಡಿದು ಅಳಾಕತ್ತಿದ್ದೆ. ಆ ಬಾಗಿಲದಾಗ ನಿಂತು, ಇನ್ನೊಮ್ಮಿ ಆ ಹೆಸರು ಈ ಮನ್ಯಾಗ ಕೇಳಿದ್ರ ನಾ ಮನಿ ಬಿಟ್ಟು ಹೋಗತೀನಿ ಅಂದ್ರು. ಹೆತ್ತ ಮಗಳ ಹೆಸರಿಗೆ ಮನಿ ಬಿಡತೀನಿ ಅಂದವ ಎಂಥಾ ಗಂಡಸು? ಆವತ್ತ ನನ್ನ ಎದಿ ಕಲ್ಲಾತು. ಬುತ್ತಿ ಕಟ್ಟಿ ಕೊಟ್ಟೆ, ಅರಿವಿ ಒಗದು ಕೊಟ್ಟೆ. ಒಂದು ಚಲೋ ಮಾತು ಆಡಲಿಲ್ಲ. ಸಾಯೂ ಮುಂದ ನೀರು ಬೇಡಿದ್ರು. ಕೊಟ್ಟೆ. ಮಾರಿ ನೋಡಲಿಲ್ಲ."

ಅಷ್ಟು ಹೇಳಿ ಮುಗಿಸಿದಳು. ಬೂದಿಯಲ್ಲಿ ಆಡುತ್ತಿದ್ದ ಬೆರಳೂ ನಿಂತಿತು. ನನಗೂ ಆಗ ತಿಳಿಯಿತು. ಗೀರಿಲ್ಲದ ನಳಿಗೆ, ಹಸಿರು ಹಿಡಿದ ಗುಂಡು, ಪ್ರತಿ ಅಮಾವಾಸ್ಯೆ, ಬರಿಗೈ. ಗಂಡಸು ಬೀದಿಯಲ್ಲಿ ನಿಂತು ಸತ್ತ ಮಗಳನ್ನು ಕೂಗಿದರೆ ಊರು ಹುಚ್ಚ ಅನ್ನುತ್ತದೆ. ಕೈಯಲ್ಲಿ ಕೋವಿ ಹಿಡಿದು ಕಾಡಿನಲ್ಲಿ ಕೂಗಿದರೆ ಬೇಟೆಗಾರ ಅನ್ನುತ್ತದೆ.

"ಹಂಗಾರ ಅವರು ಅಲ್ಲಿ ಹೋಗಿ..." ಅಂದಳು ನಿಂಬೆವ್ವ. ಸೆರಗನ್ನು ಬಾಯಿಗೆ ತುರುಕಿಕೊಂಡಳು.

ನಾನು ಕಂಬಕ್ಕೆ ಒರಗಿ ನಿಂತೆ. ಕೈ ಸಿಡಿಯುತ್ತಿತ್ತು. ಕಣ್ಣ ಮುಂದೆ ಆ ಒಂಟಿಕೋರೆ ಇತ್ತು. ಇನ್ನು ಒಂದು ಹೆಸರು ಸಿಕ್ಕರೆ ಸಾಕು. ನಾಳೆಯೇ ತೆವಳಿಕೊಂಡು ಹೋಗಿ ಆ ಹಂದಿಯ ತಲೆ ಒಡೆದು ಅವ್ವನ ಮುಂದೆ ತಂದು ಹಾಕಬಹುದು. ಅವಳಿಗೆ ನನ್ನ ಮನಸ್ಸು ಗೊತ್ತಾಯಿತೆಂದು ಕಾಣುತ್ತದೆ. ಮುಖ ಒರೆಸಿಕೊಂಡು ನೆಲಕ್ಕೆ ಕೈಯೂರಿ ಎದ್ದಳು.

"ನಡಿ ತಮ್ಮಾ. ನಿನ್ನ ಇಟ್ಟಂಗಿ ತಗೊಂಡೀನಿ, ಮಾತು ಮಾತ. ಬೀದಿಗೆ ಬಂದು ಹೇಳತೀನಿ. ನೀ ಕೋವಿ ಇಟಗೊಂಡಿರೂ ತನಕ ಈ ಮನ್ಯಾಗ ಆ ಹೆಸರು ಹಿಡಿಯಂಗಿಲ್ಲ. ಇಷ್ಟು ದಿನ ಹಿಡೀದ ಇದ್ದಾಕಿಗೆ ಅದೇನು ದೊಡ್ಡದಲ್ಲ."

ಬಾಗಿಲವರೆಗೆ ಹೋದಳು. ಚೌಕಟ್ಟು ಹಿಡಿದು ಒಂದು ಕಾಲನ್ನು ಹೊರಗಿಟ್ಟಳು. ಅಲ್ಲಿ ನಿಂತಳು. ತುಟಿಗಳು ಅಲ್ಲಾಡುತ್ತಿದ್ದವು, ಸದ್ದಿರಲಿಲ್ಲ. ಮರೆತುಹೋಗಿದೆಯೇನೋ ಎಂಬಂತೆ ಬಾಯೊಳಗೇ ಹೇಳಿ ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಕಾಲು ಒಳಗೇ ಇತ್ತು, ಒಲೆಯ ಬೂದಿ ಹತ್ತಿದ ಕಾಲು.

"ಹೊರಗ ಬಿಸಲೈತಿ, ಯಕ್ಕಾ," ಅಂದೆ. "ಒಳಗ ಹೇಳ್ರಿ."

ಅವಳು ತಿರುಗಿ ನೋಡಿದಳು. "ಕೋವಿ?"

"ಒಳಗ ಹೇಳ್ರಿ ಅಂದ್ನೆಲ್ಲ!" ಎಂದು ಒದರಿದೆ. ನನಗೆ ಬೇರೆ ದನಿಯಲ್ಲಿ ಹೇಳಲು ಬರುವುದಿಲ್ಲ.

ಅವಳು ಕಾಲನ್ನು ಒಳಕ್ಕೆ ತೆಗೆದುಕೊಂಡಳು. ಒಲೆಯ ಹತ್ತಿರ ಹೋಗಿ ನಿಂತು, ಹಿತ್ತಲಲ್ಲಿ ಆಡುವ ಮಗುವಿಗೆ ಕೇಳುವಷ್ಟು ದನಿಯಲ್ಲಿ ಕರೆದಳು. "ಹೊನ್ನೀ. ಹೊನ್ನೀ, ಉಣ್ಣು ಬಾ."

ನನ್ನ ಕೈಯಲ್ಲಿದ್ದ ಕೋವಿಯ ಉರುಳೆ ತಾನಾಗಿ ಒಂದು ಮನೆ ತಿರುಗಿ ನಿಂತಿತು. ಅಷ್ಟಕ್ಕೇ ಅದು ಕಿವುಡಾಯಿತು. ಅವಳು ಅದನ್ನು ನೋಡಲಿಲ್ಲ. ಮೂಲೆಗೆ ಹೋಗಿ ಕರೆದಳು, ಬೀಸುಕಲ್ಲಿನ ಹತ್ತಿರ ಕೂತು ಕರೆದಳು. ಆಮೇಲೆ ಅಂದು ಗಂಡ ನಿಂತಿದ್ದ ಬಾಗಿಲಿಗೆ ಹೋಗಿ, ಚೌಕಟ್ಟಿಗೆ ಹಣೆ ಒತ್ತಿ, "ನನಗೊಂದು ಮಾತು ಹೇಳಿದ್ರ ಏನಾಗತಿತ್ತು ನಿಮಗ," ಎಂದು ಅಳತೊಡಗಿದಳು. ನಾನು ಹಿತ್ತಲಿಗೆ ಹೋಗಿ ಒಂದೇ ಕೈಯಲ್ಲಿ ಮಣ್ಣು ಕಲಸಿದೆ.

ಗೋಡೆ ಮುಗಿಯುವ ದಿನ ಅವಳು, ಕೋವಿ ಹೋಯಿತಲ್ಲ, ಇಟ್ಟಿಗೆ ಕಿತ್ತುಕೊಂಡು ಹೋಗು ಅಂದಳು. ಕಟ್ಟಿದ್ದನ್ನು ಕೀಳುವುದು ನನ್ನ ಕಸುಬಲ್ಲ ಅಂದೆ. ರಿವಾಲ್ವರನ್ನು ಅದೇ ಕೆಂಪು ಅರಿವೆಯಲ್ಲಿ ಸುತ್ತಿ ಗೋಡೆಯೊಳಗೆ ಎರಡು ಇಟ್ಟಿಗೆಯ ಜಾಗದಲ್ಲಿ ಇಟ್ಟು ಮುಚ್ಚಿದೆ, ಅವಳೇ ಹಾಗೆ ಕೇಳಿದಳು. ಖಾಜಾಸಾಬನಿಗೆ ಗೊತ್ತಾಗಿ, ಅಷ್ಟು ಚೆಂದದ ಹಿಡಿ ಕಡೆದಿದ್ದೆ, ಮಣ್ಣುಪಾಲು ಮಾಡಿದೆಯಲ್ಲೋ ಎಂದು ಬೈದ. ಚರ್ಮದ ಚೀಲ ನನ್ನ ಹತ್ತಿರವೇ ಇದೆ. ಕೋರೆ ಬಡಿದ ಗುರುತು ಅದರ ಮೇಲಿದೆ.

ಹಂದಿ ಈಗಲೂ ಬರುತ್ತದೆ. ಒಣಗಲು ಹಾಕಿದ ಹಸಿ ಇಟ್ಟಿಗೆಯ ಮೇಲೆ ಅದರ ಗೊರಸು ಮೂಡಿರುತ್ತದೆ. ಆ ಇಟ್ಟಿಗೆಗಳನ್ನು ಬೇರೆ ತೆಗೆದಿಡುತ್ತೇನೆ, ಮಾರುವುದಿಲ್ಲ. ಇನ್ನೊಂದು ಕೋವಿ ಹುಡುಕಬೇಕೆಂದು ದಿನಾ ಅಂದುಕೊಳ್ಳುತ್ತೇನೆ.

ಗೋಡೆ ಮುಗಿಸಿ ಬಂದ ಸಂಜೆ ರೊಟ್ಟಿ ಬಡಿದು ಅವ್ವನ ಮುಂದೆ ಕೂತೆ. "ಹುಲಿಗ್ಯಾ," ಅಂದಳು. ನೀರು ಕೊಟ್ಟೆ, ಬಾಯಿ ತಿರುಗಿಸಿದಳು. ದಿಂಬು ಸರಿಮಾಡಿದೆ. "ಹುಲಿಗ್ಯಾ." ಹೊದಿಕೆ ಎಳೆದೆ. "ಹುಲಿಗ್ಯಾ, ಹುಲಿಗ್ಯಾ." ಕಿರುಚಲು ಬಾಯಿ ತೆರೆದವನು ಅವಳ ಕಣ್ಣು ಹೋದ ಕಡೆ ನೋಡಿದೆ. ಗೋಡೆಗೆ ಒರಗಿಸಿಟ್ಟ ತಾಟುಗಳಲ್ಲಿ ಮಾನ್ಯಾನ ತಾಟನ್ನು ನೋಡುತ್ತಿದ್ದಳು. ಇಷ್ಟು ದಿನವೂ ಅದನ್ನೇ ನೋಡುತ್ತಿದ್ದಳೇನೋ. ನಾನು ನೀರು ಕೊಡುತ್ತಿದ್ದೆ.

ನಮ್ಮ ಮನೆಯಲ್ಲಿ ಕೋವಿಯಿಲ್ಲ. ಯಾವ ಹೆಸರಿಗೂ ಇಲ್ಲಿ ಅಡ್ಡಿಯಿಲ್ಲ. ಆದರೂ ನಾಲಿಗೆ ಏಳಲಿಲ್ಲ. ತಾಟು ತಂದು ರೊಟ್ಟಿ ಇಟ್ಟು, ಬಾಗಿಲ ಕಡೆ ತಿರುಗಿ ಕರೆದೆ.

"ಮಾನ್ಯಾ. ಉಣ್ಣು ಬಾರೋ, ಆರತೈತಿ."

ಅವ್ವ ಕಣ್ಣು ಮುಚ್ಚಿದಳು. ಅವಳ ಆಡುವ ಕೈ ಹುಡುಕುತ್ತ ಬಂದು ನನ್ನ ಹೊಲಿಗೆ ಹಾಕಿದ ಕೈಯನ್ನೇ ಹಿಡಿಯಿತು, ಗಟ್ಟಿಯಾಗಿ. "ಹುಲಿಗ್ಯಾ," ಅಂದಳು. ಬಹಳ ನೋಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.